ಅಗಲ ಫಿಲ್ಮಿನ ಇನ್‌ಸ್ಟಂಟ್ ಕ್ಯಾಮೆರಾ: ಕೊಳ್ಳುವ ಮುನ್ನ, ಕೊಂಡ ಮೇಲೆ

ಮದುವೆ, ನಾಮಕರಣ, ಗೃಹಪ್ರವೇಶ ಯಾವುದೇ ಇರಲಿ, ಈಗ ಫೋಟೊಗಳಿಗೆ ಬರವಿಲ್ಲ. ಸಂಜೆಯಾಗುವಷ್ಟರಲ್ಲಿ ವಾಟ್ಸ್ಆ್ಯಪ್ ಗುಂಪು ಚಿತ್ರಗಳಿಂದ ತುಂಬಿಹೋಗಿರುತ್ತದೆ. ಬರ ಇರುವುದು ಕೈಯಲ್ಲಿ ಹಿಡಿದು ನೋಡುವ ಫೋಟೊಗೆ. ತೆಗೆದ ಒಂದೆರಡು ನಿಮಿಷದಲ್ಲೇ ಚಿತ್ರವನ್ನು ಕೈಗಿಡುವ ಇನ್‌ಸ್ಟಂಟ್ ಕ್ಯಾಮೆರಾಗಳು ಈ ಮೊಬೈಲ್ ಕಾಲದಲ್ಲೂ ಮಾರಾಟವಾಗುತ್ತಿರುವುದು ಇದೇ ಕಾರಣಕ್ಕೆ. ಇವುಗಳಲ್ಲಿ ಅಗಲ ಅಳತೆಯ ಫಿಲ್ಮ್ ಬಳಸುವ ‘ವೈಡ್’ ಕ್ಯಾಮೆರಾ ಒಂದು ವಿಶೇಷ ಬಗೆ. ಕೊಳ್ಳುವ ಯೋಚನೆ ಇರುವವರು, ಈಗಾಗಲೇ ಕೊಂಡು ಫಿಲ್ಮ್ ಹಾಳಾಗುತ್ತಿದೆ ಎಂದು ಬೇಸರಪಡುತ್ತಿರುವವರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಇನ್‌ಸ್ಟಂಟ್ ಕ್ಯಾಮೆರಾ ಕೊಳ್ಳುವವರು ನಿಜವಾಗಿ ಆರಿಸಿಕೊಳ್ಳುವುದು ಫಿಲ್ಮನ್ನು. ಕ್ಯಾಮೆರಾಗೆ ಒಂದು ಸಲ ಹಣ ಕೊಟ್ಟರೆ ಮುಗಿಯಿತು, ಫಿಲ್ಮಿಗೆ ಕೊಡುತ್ತಲೇ ಇರಬೇಕು. ಚಿತ್ರ ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಜನ ಹಿಡಿಸುತ್ತಾರೆ, ಒಂದೊಂದಕ್ಕೆ ಎಷ್ಟು ಖರ್ಚು, ಎಲ್ಲವೂ ಫಿಲ್ಮಿನ ಅಳತೆಯಿಂದಲೇ ತೀರ್ಮಾನವಾಗುತ್ತವೆ.

ಮೂರು ಅಳತೆ, ಮೂರು ಕೆಲಸ

ಅಮೆರಿಕದ ಎಡ್ವಿನ್ ಲ್ಯಾಂಡ್ 1947ರಲ್ಲಿ ತಕ್ಷಣದ ಛಾಯಾಚಿತ್ರವನ್ನು ಮೊದಲು ಪ್ರದರ್ಶಿಸಿದರು. ಮರುವರ್ಷ ಅವರ ಪೋಲರಾಯ್ಡ್ ಕಂಪನಿಯ ಕ್ಯಾಮೆರಾ ಬಾಸ್ಟನ್‌ನ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ದಶಕಗಳ ಕಾಲ ಇಂಥ ಚಿತ್ರವೆಂದರೆ ಪೋಲರಾಯ್ಡ್ ಎಂದೇ ಜನ ಕರೆಯುತ್ತಿದ್ದರು. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಜಪಾನಿನ ಫ್ಯೂಜಿಫಿಲ್ಮ್ 1998ರಲ್ಲಿ ಆರಂಭಿಸಿದ ಇನ್‌ಸ್ಟ್ಯಾಕ್ಸ್ ಸರಣಿ. ಮೊದಲು ಬಂದದ್ದು ಮಿನಿ, 1999ರಲ್ಲಿ ವೈಡ್, ಬಹಳ ವರ್ಷಗಳ ಮೇಲೆ ಸ್ಕ್ವೇರ್.

ಮಿನಿ ಫಿಲ್ಮಿನ ಹಾಳೆ 54 ಮಿ.ಮೀ. ಅಗಲ, 86 ಮಿ.ಮೀ. ಎತ್ತರ ಇರುತ್ತದೆ. ಅದರೊಳಗಿನ ಚಿತ್ರ 46 × 62 ಮಿ.ಮೀ. ಇಂಥ ಎರಡು ಮಿನಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಬರುವ ಅಳತೆಯೇ ವೈಡ್: ಹಾಳೆ 108 × 86 ಮಿ.ಮೀ., ಚಿತ್ರ 99 × 62 ಮಿ.ಮೀ. ಚಿತ್ರದ ವಿಸ್ತೀರ್ಣ ಮಿನಿಯ ಎರಡು ಪಟ್ಟಿಗೂ ತುಸು ಹೆಚ್ಚು. ಸ್ಕ್ವೇರ್‌ನ ಚಿತ್ರ 62 ಮಿ.ಮೀ. ಚೌಕ.

ಒಬ್ಬರ ಮುಖ ಅಥವಾ ಇಬ್ಬರು ಗೆಳತಿಯರ ಚಿತ್ರಕ್ಕೆ ಮಿನಿ ಧಾರಾಳ ಸಾಕು, ಪರ್ಸಿನಲ್ಲೂ ಹಿಡಿಸುತ್ತದೆ. ಆದರೆ ಆರು ಜನರನ್ನು ಸಾಲಾಗಿ ನಿಲ್ಲಿಸಿದರೆ ಮಿನಿಯಲ್ಲಿ ಮುಖಗಳು ಸಾಸಿವೆಕಾಳಿನಷ್ಟಾಗುತ್ತವೆ. ಮನೆಮಂದಿಯೆಲ್ಲ ಸೇರಿದ ಚಿತ್ರ, ಮನೆಯ ಮುಂದೆ ನಿಂತ ದಂಪತಿ, ಬೆಟ್ಟದ ತುದಿಯಲ್ಲಿ ಗೆಳೆಯರ ಬಳಗ, ತೋಟ, ತೇರು ಇಂಥವಕ್ಕೆ ವೈಡ್ ಬೇಕು. ವ್ಯಕ್ತಿಯೂ ಕಾಣಬೇಕು, ಅವರು ನಿಂತ ಜಾಗವೂ ಕಾಣಬೇಕು ಎನ್ನುವವರ ಅಳತೆ ಇದು. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಕ್ಯಾಮೆರಾದ ಗಾತ್ರ. ಸೆಲ್ ಮತ್ತು ಫಿಲ್ಮ್ ಇಲ್ಲದೆಯೇ ಸುಮಾರು 600 ಗ್ರಾಂ ತೂಗುವ ಇದು ಜೇಬಿಗೆ ಇಳಿಯುವುದಿಲ್ಲ, ಹೆಗಲಿಗೊಂದು ಚೀಲ ಬೇಕೇ ಬೇಕು.

ಯಾವ ಕ್ಯಾಮೆರಾ?

ವೈಡ್ ಫಿಲ್ಮ್ ಬಳಸುವ ಕ್ಯಾಮೆರಾಗಳು ಕೆಲವೇ ಇರುವುದರಿಂದ ಆಯ್ಕೆ ಅಷ್ಟು ಕಷ್ಟವಲ್ಲ.

2014ರಲ್ಲಿ ಬಂದ ಇನ್‌ಸ್ಟ್ಯಾಕ್ಸ್ ವೈಡ್ 300 ಬಹುಕಾಲ ಈ ವರ್ಗದ ಮುಖ್ಯ ಕ್ಯಾಮೆರಾ ಆಗಿತ್ತು. ಬೆಳಕನ್ನು ತಾನೇ ಅಳೆದುಕೊಳ್ಳುತ್ತದೆ. ಚಿತ್ರ ತುಸು ತಿಳಿಯಾಗಲಿ ಅಥವಾ ಗಾಢವಾಗಲಿ ಎಂದು ಹೇಳುವ ಗುಂಡಿಯೂ, ಬೇಕೆಂದಾಗ ಫ್ಲ್ಯಾಶ್ ಹಾಕುವ ಸೌಲಭ್ಯವೂ ಇವೆ. ಸೆಲ್ಫ್ ಟೈಮರ್ ಇಲ್ಲ. ಹಳೆಯ ಮಾಲು ಅಥವಾ ಬಳಸಿದ ಕ್ಯಾಮೆರಾ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಇದು ಇಂದಿಗೂ ಉತ್ತಮ ಆಯ್ಕೆ.

2024ರಲ್ಲಿ ಅದರ ಜಾಗಕ್ಕೆ ವೈಡ್ 400 ಬಂತು. ಅಮೆರಿಕದಲ್ಲಿ ಬಿಡುಗಡೆಯ ಬೆಲೆ 149.95 ಡಾಲರ್. ಲೆನ್ಸ್ ಬಹುಮಟ್ಟಿಗೆ ಹಿಂದಿನದರಂತೆಯೇ ಇದೆ. ಹೊಸದಾಗಿ ಸೇರಿದ್ದು ಸೆಲ್ಫ್ ಟೈಮರ್. ಫೋಟೊ ತೆಗೆಯುವವರೂ ಗುಂಪಿಗೆ ಸೇರಿಕೊಳ್ಳಬಹುದಾದ್ದರಿಂದ ಕುಟುಂಬದ ಬಳಕೆಗೆ ಇದು ದೊಡ್ಡ ಅನುಕೂಲ. ತಿಳಿ-ಗಾಢ ಮಾಡುವ ಗುಂಡಿಯನ್ನು ಮಾತ್ರ ಕೈಬಿಟ್ಟಿದ್ದಾರೆ. ತಾಂತ್ರಿಕ ತಲೆನೋವು ಬೇಡ, ಒತ್ತಿದರೆ ಚಿತ್ರ ಬರಬೇಕು ಎನ್ನುವವರಿಗೆ ಇದು ಸರಿ.

2025ರಲ್ಲಿ ಬಂದ ವೈಡ್ ಇವೊ ಬೇರೆಯೇ ಜಾತಿಯದು. ಅದು ಡಿಜಿಟಲ್ ಕ್ಯಾಮೆರಾ ಮತ್ತು ಪ್ರಿಂಟರ್ ಎರಡೂ ಸೇರಿದ ಯಂತ್ರ. ಹಿಂಬದಿಯ ಪರದೆಯಲ್ಲಿ ನೋಡಿ, ಚೆನ್ನಾಗಿರುವುದನ್ನು ಮಾತ್ರ ಫಿಲ್ಮಿನ ಮೇಲೆ ಮೂಡಿಸಬಹುದು. ಒಂದೇ ಚಿತ್ರವನ್ನು ನಾಲ್ವರಿಗೆ ನಾಲ್ಕು ಪ್ರತಿ ಮಾಡಿ ಕೊಡಬಹುದು. ಅಮೆರಿಕದಲ್ಲಿ ಬಿಡುಗಡೆಯ ಬೆಲೆ 349.95 ಡಾಲರ್, ಅಂದರೆ 400ರ ಬಿಡುಗಡೆಯ ಬೆಲೆಯ ಎರಡು ಪಟ್ಟಿಗೂ ಹೆಚ್ಚು. ಫಿಲ್ಮ್ ಒಂದೂ ವ್ಯರ್ಥವಾಗಬಾರದು ಎನ್ನುವವರಿಗೆ ಇದು ಹೊಂದುತ್ತದೆ. ಬೆಳಕು ನೇರವಾಗಿ ಫಿಲ್ಮಿನ ಮೇಲೆ ಬೀಳಬೇಕು ಎಂದು ಬಯಸುವವರಿಗೆ ಅಲ್ಲ.

ಕೈಯಲ್ಲಿ ಒಳ್ಳೆಯ ಮೊಬೈಲ್ ಇದೆ, ಬೇಕಿರುವುದು ಪ್ರಿಂಟ್ ಮಾತ್ರ ಎನ್ನುವವರು 2021ರಲ್ಲಿ ಬಂದ ಲಿಂಕ್ ವೈಡ್ ಎಂಬ ಪುಟ್ಟ ಪ್ರಿಂಟರನ್ನು ನೋಡಬಹುದು. ಅದು ಮೊಬೈಲ್‌ನಲ್ಲಿರುವ ಚಿತ್ರವನ್ನು ಇದೇ ಫಿಲ್ಮಿನ ಮೇಲೆ ಮೂಡಿಸುತ್ತದೆ. ಛಾಯಾಗ್ರಹಣದ ಆಟ ಆಡುವವರಿಗೆ ಲೋಮೋಗ್ರಫಿ ಕಂಪನಿಯ ಲೋಮೋ ಇನ್‌ಸ್ಟಂಟ್ ವೈಡ್ ಇದೆ. ಒಂದೇ ಹಾಳೆಯ ಮೇಲೆ ಎರಡು ಮೂರು ಚಿತ್ರ ಹೇರುವುದು, ಶಟರನ್ನು ದೀರ್ಘಕಾಲ ತೆರೆದಿಟ್ಟು ರಾತ್ರಿಯ ದೀಪಗಳನ್ನು ಹಿಡಿಯುವುದು ಅದರಲ್ಲಿ ಸಾಧ್ಯ. ಎಲ್ಲವನ್ನೂ ಕೈಯಿಂದಲೇ ಹೊಂದಿಸಬೇಕೆನ್ನುವ ಪರಿಣತರಿಗಾಗಿ ಮಿಂಟ್ ಕಂಪನಿಯ ಆರ್‌ಎಫ್70 ಇದೆ, ಆದರೆ ಅದು ದುಬಾರಿ.

ಅಂಗಡಿಯಲ್ಲಿ ಮಾಡಬೇಕಾದ ಲೆಕ್ಕ

ಕ್ಯಾಮೆರಾ ಬೆಲೆ ಕೇಳುವ ಮೊದಲು ಫಿಲ್ಮಿನ ಬೆಲೆ ಕೇಳಿ. ಒಂದು ಪ್ಯಾಕ್‌ನಲ್ಲಿ 10 ಹಾಳೆ, ಜೋಡಿ ಪ್ಯಾಕ್‌ನಲ್ಲಿ 20. ಬೆಲೆಯನ್ನು ಹಾಳೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಚಿತ್ರದ ಖರ್ಚು ಗೊತ್ತಾಗುತ್ತದೆ. ಅದನ್ನು ನೀವು ವರ್ಷಕ್ಕೆ ತೆಗೆಯಬಹುದಾದ ಚಿತ್ರಗಳಿಗೆ ಗುಣಿಸಿ. ಉದಾಹರಣೆಗೆ ಒಂದು ಚಿತ್ರಕ್ಕೆ ₹100 ಬಿತ್ತು ಎಂದಿಟ್ಟುಕೊಂಡರೆ, ತಿಂಗಳಿಗೆ ಒಂದು ಪ್ಯಾಕ್ ಬಳಸುವವರಿಗೆ ವರ್ಷಕ್ಕೆ ₹12,000 ಆಗುತ್ತದೆ. ಈ ಮೊತ್ತ ನಿಮಗೆ ಒಪ್ಪಿಗೆಯಾದರೆ ಮುಂದುವರಿಯಿರಿ. ಒಪ್ಪಿಗೆಯಾಗದಿದ್ದರೆ ಮಿನಿ ಕೊಳ್ಳುವುದೇ ಜಾಣತನ, ಅದರ ಫಿಲ್ಮ್ ಅಗ್ಗ.

ಫಿಲ್ಮ್ ಡಬ್ಬಿಯ ಮೇಲಿನ ಅವಧಿಯ ದಿನಾಂಕ ನೋಡಲೇಬೇಕು. ಅವಧಿ ಮುಗಿಯುತ್ತ ಬಂದ ಫಿಲ್ಮನ್ನು ರಿಯಾಯಿತಿ ದರದಲ್ಲಿ ಮಾರುವುದುಂಟು. ಮುಂದಿನ ವಾರದ ಕಾರ್ಯಕ್ರಮಕ್ಕಾದರೆ ಕೊಳ್ಳಬಹುದು, ವರ್ಷಗಟ್ಟಲೆ ಇಟ್ಟುಕೊಳ್ಳಲು ಬೇಡ. ‘ವೈಡ್’ ಎಂದು ಬರೆದಿದೆಯೇ ಎಂದೂ ಪರೀಕ್ಷಿಸಿ. ಮಿನಿ, ಸ್ಕ್ವೇರ್, ಪೋಲರಾಯ್ಡ್ ಫಿಲ್ಮುಗಳು ಈ ಕ್ಯಾಮೆರಾಗೆ ಹೊಂದುವುದಿಲ್ಲ. ಬಿಳಿ ಅಂಚು, ಕಪ್ಪು ಅಂಚು, ಕಪ್ಪು-ಬಿಳುಪು ಚಿತ್ರದ ಫಿಲ್ಮ್ ಹೀಗೆ ಬೇರೆ ಬೇರೆ ಬಗೆ ಇವೆ. ಕಲಿಯುವಾಗ ಬಿಳಿ ಅಂಚಿನ ಬಣ್ಣದ ಫಿಲ್ಮ್ ಸಾಕು.

ಬಳಸಿದ ಕ್ಯಾಮೆರಾ ಕೊಳ್ಳುವವರು ಜೊತೆಗೆ ನಾಲ್ಕು ಹೊಸ ಎಎ ಸೆಲ್ ಮತ್ತು ಒಂದು ಪ್ಯಾಕ್ ಫಿಲ್ಮ್ ಒಯ್ಯಬೇಕು. ಸೆಲ್ ಇಡುವ ಜಾಗದಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಹಳೆಯ ಸೆಲ್ ಸೋರಿದೆ ಎಂದರ್ಥ. ಕ್ಯಾಮೆರಾ ಆನ್ ಮಾಡಿದಾಗ ಲೆನ್ಸ್ ಸರಾಗವಾಗಿ ಹೊರಬರಬೇಕು, ಫ್ಲ್ಯಾಶ್ ಚಾರ್ಜ್ ಆಗಬೇಕು. ಹಿಂಬಾಗಿಲು ತೆರೆದು ಫಿಲ್ಮ್ ಹೊರಹೋಗುವ ದಾರಿಯ ಎರಡು ರೋಲರುಗಳನ್ನು ನೋಡಿ, ಅವುಗಳ ಮೇಲೆ ಒಣಗಿದ ಕಲೆ ಇದ್ದರೆ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಮಚ್ಚೆ ಬರುತ್ತದೆ. ಒಂದು ಚಿತ್ರವನ್ನಾದರೂ ಅಲ್ಲೇ ತೆಗೆದು ನೋಡದೆ ದುಡ್ಡು ಕೊಡಬೇಡಿ.

ಫಿಲ್ಮ್ ತುಂಬುವುದು

ಹೆಚ್ಚಿನ ಫಿಲ್ಮ್ ಹಾಳಾಗುವುದು ಈ ಹಂತದಲ್ಲಿ. ಪ್ಯಾಕನ್ನು ಬದಿಗಳಲ್ಲಿ ಹಿಡಿದುಕೊಳ್ಳಿ, ಹಿಂಬದಿಯಲ್ಲಿರುವ ಎರಡು ಆಯತಾಕಾರದ ರಂಧ್ರಗಳನ್ನು ಒತ್ತಬೇಡಿ. ಕ್ಯಾಮೆರಾದೊಳಗೆ ಒಂದು ಹಳದಿ ಗುರುತು, ಪ್ಯಾಕಿನ ಮೇಲೊಂದು ಹಳದಿ ಗುರುತು ಇವೆ. ಎರಡನ್ನೂ ಒಂದೇ ಮೂಲೆಗೆ ತಂದು ಪ್ಯಾಕನ್ನು ನೇರವಾಗಿ ಇಳಿಸಿ. ಬಾಗಿಲು ಮುಚ್ಚಿ ಶಟರ್ ಒತ್ತಿದಾಗ ಮೊದಲು ಹೊರಬರುವುದು ಕಪ್ಪು ರಟ್ಟು. ಅದು ಬೆಳಕು ತಾಗದಂತೆ ಫಿಲ್ಮನ್ನು ಕಾಯುವ ಮುಚ್ಚಳ. ಅದು ಬಂದ ಮೇಲೆ ಹತ್ತು ಚಿತ್ರ ಬಾಕಿ ಇವೆ ಎಂದು ಎಣಿಕೆ ತೋರಿಸುತ್ತದೆ.

ಆ ಎಣಿಕೆ ಸೊನ್ನೆಯಾಗುವವರೆಗೆ ಹಿಂಬಾಗಿಲು ತೆರೆಯಬಾರದು. ಎಷ್ಟು ಉಳಿದಿವೆ ಎಂದು ನೋಡಲು ಮಕ್ಕಳು ಬಾಗಿಲು ತೆಗೆದರೆ ಒಳಗಿನ ಫಿಲ್ಮಿಗೆ ಬೆಳಕು ತಗುಲಿ ಹಾಳಾಗುತ್ತದೆ. ಮನೆಯಲ್ಲಿ ಚಿಕ್ಕವರಿದ್ದರೆ ಬಾಗಿಲ ಚಿಲಕದ ಮೇಲೆ ಒಂದು ತುಂಡು ಟೇಪ್ ಅಂಟಿಸಿಡುವುದು ಒಳ್ಳೆಯದು.

ದೂರವೇ ಅಗಲ

ವೈಡ್ 300 ಮತ್ತು 400ರ ಲೆನ್ಸಿನ ನಾಭಿದೂರ 95 ಮಿ.ಮೀ., ಚಿತ್ರದ ಅಗಲ 99 ಮಿ.ಮೀ. ಈ ಎರಡು ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ: ನೀವು ಎಷ್ಟು ದೂರದಲ್ಲಿ ನಿಂತಿದ್ದೀರೋ ಚಿತ್ರದಲ್ಲಿ ಅಷ್ಟೇ ಅಗಲದ ಜಾಗ ಹಿಡಿಸುತ್ತದೆ. ಎತ್ತರ ಆ ದೂರದ ಮೂರರಲ್ಲಿ ಎರಡು ಪಾಲು. ಮೂರು ಮೀಟರ್ ದೂರದಿಂದ ತೆಗೆದರೆ ಸುಮಾರು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಜಾಗ ಬರುತ್ತದೆ. ಒಬ್ಬರಿಗೆ ಅರ್ಧ ಮೀಟರ್ ಲೆಕ್ಕ ಹಿಡಿದರೆ ಒಂದು ಸಾಲಿನಲ್ಲಿ ಐದಾರು ಮಂದಿ ಅಡಿಯಿಂದ ಮುಡಿಯವರೆಗೆ ಕಾಣುತ್ತಾರೆ. ಹತ್ತು ಹನ್ನೆರಡು ಜನರಿದ್ದರೆ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಉಳಿದವರನ್ನು ಹಿಂದೆ ನಿಲ್ಲಿಸಿ ಎರಡು ಸಾಲು ಮಾಡಿ.

ಈ ಮೂರು ಮೀಟರ್ ಎಂಬ ಅಂತರ ಇನ್ನೆರಡು ಕಾರಣಕ್ಕೆ ಮುಖ್ಯ. ಫೋಕಸ್‌ಗೆ ಎರಡೇ ವಲಯಗಳಿವೆ: 0.9ರಿಂದ 3 ಮೀಟರ್, ಮತ್ತು 3 ಮೀಟರಿನಿಂದ ಆಚೆ. ಲೆನ್ಸಿನ ಸುತ್ತಿನ ಉಂಗುರ ತಿರುಗಿಸಿ ವಲಯ ಬದಲಿಸಬೇಕು. ದೂರದ ಬೆಟ್ಟ ಮಂಜುಮಂಜಾಗಿ ಬಂದಿದ್ದರೆ ಉಂಗುರ ತಿರುಗಿಸುವುದು ಮರೆತಿರಬಹುದು. ಫ್ಲ್ಯಾಶಿನ ಬೆಳಕು ತಲುಪುವುದೂ ಹೆಚ್ಚುಕಡಿಮೆ ಮೂರು ಮೀಟರಿನವರೆಗೆ ಮಾತ್ರ. ಆರತಕ್ಷತೆಯ ವೇದಿಕೆಯಲ್ಲಿರುವ ವಧೂವರರನ್ನು ಕೆಳಗಿನ ಕುರ್ಚಿಯಿಂದ ತೆಗೆದರೆ ಮುಂದಿನ ಸಾಲಿನವರ ತಲೆಗಳು ಬೆಳಗುತ್ತವೆ, ವಧೂವರರು ಕತ್ತಲಲ್ಲಿ ಉಳಿಯುತ್ತಾರೆ. ಸರದಿಯಲ್ಲಿ ನಿಂತು ವೇದಿಕೆ ಹತ್ತಿಯೇ ತೆಗೆಯಿರಿ. ದೊಡ್ಡವರ ನಾಲ್ಕು ಹೆಜ್ಜೆ ಎಂದರೆ ಮೂರು ಮೀಟರಿನ ಆಸುಪಾಸು.

0.9 ಮೀಟರಿಗಿಂತ ಹತ್ತಿರದ ವಸ್ತುಗಳಿಗೆ ಕ್ಯಾಮೆರಾ ಜೊತೆಗೇ ಕೊಡುವ ಕ್ಲೋಸ್‌ಅಪ್ ಲೆನ್ಸ್ ಹಾಕಬೇಕು, ಆಗ 40 ಸೆಂ.ಮೀ. ಹತ್ತಿರಕ್ಕೆ ಹೋಗಬಹುದು. ನೀವು ಕಣ್ಣಿಟ್ಟು ನೋಡುವ ಕಿಂಡಿ ಲೆನ್ಸಿನಿಂದ ಬದಿಗೆ ಇರುವುದರಿಂದ ಹತ್ತಿರದ ಚಿತ್ರಗಳಲ್ಲಿ ಕಂಡದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸವಾಗುತ್ತದೆ. ಸುತ್ತಲೂ ಸ್ವಲ್ಪ ಜಾಗ ಬಿಟ್ಟೇ ತೆಗೆಯಿರಿ.

ಬೆಳಕಿನ ಮರ್ಮ

ಇನ್‌ಸ್ಟ್ಯಾಕ್ಸ್ ಫಿಲ್ಮಿನ ವೇಗ ಐಎಸ್ಒ 800. ಕೇಳಲು ಹೆಚ್ಚೆನಿಸಿದರೂ ಈ ಕ್ಯಾಮೆರಾಗಳ ಲೆನ್ಸಿನ ದ್ವಾರ ಎಫ್/14, ತುಂಬ ಕಿರಿದು. ಶಟರ್ ಕೂಡ ಸೆಕೆಂಡಿನ 64ನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರುವುದಿಲ್ಲ. ಹಾಗಾಗಿ ನಮ್ಮ ಮನೆಗಳ ಟ್ಯೂಬ್‌ಲೈಟ್ ಬೆಳಕು ಈ ಫಿಲ್ಮಿಗೆ ಸಾಲುವುದೇ ಇಲ್ಲ. ಒಳಾಂಗಣದಲ್ಲಿ ಚಿತ್ರ ಬರುವುದು ಫ್ಲ್ಯಾಶಿನ ಬಲದಿಂದ ಮಾತ್ರ. ಅದು ತಲುಪಿದ ಮುಖಗಳು ಬೆಳಗುತ್ತವೆ, ಅದರ ಹಿಂದಿನದೆಲ್ಲ ಕಪ್ಪಾಗುತ್ತದೆ. ದೇವರ ಮಂಟಪದ ಅಲಂಕಾರವೂ ಕಾಣಬೇಕೆಂದರೆ ಜನರನ್ನು ಮಂಟಪಕ್ಕೆ ಒತ್ತಿದಂತೆ ನಿಲ್ಲಿಸಿ. ಗೋಡೆಯಿಂದ ದೂರ ನಿಂತಷ್ಟೂ ಹಿನ್ನೆಲೆ ಕತ್ತಲಾಗುತ್ತದೆ.

ಫಿಲ್ಮಿನ ಇನ್ನೊಂದು ಸ್ವಭಾವ ಗಮನಿಸಿ. ತೀರ ಬೆಳಗಿದ ಮತ್ತು ತೀರ ಕಪ್ಪಾದ ಭಾಗಗಳನ್ನು ಒಟ್ಟಿಗೆ ಹಿಡಿಯುವ ಶಕ್ತಿ ಇದಕ್ಕೆ ಕಡಿಮೆ. ನಡುಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟವರನ್ನು ತೆಗೆದರೆ ಬಟ್ಟೆಯ ನೆರಿಗೆಗಳೆಲ್ಲ ಮಾಯವಾಗಿ ಬರೀ ಬಿಳುಪು ಉಳಿಯುತ್ತದೆ. ವೈಡ್ 300 ಇದ್ದರೆ ಗಾಢ ಮಾಡುವ ಗುಂಡಿ ಒತ್ತಿ. ಇಲ್ಲದಿದ್ದರೆ ಮರದ ನೆರಳಿಗೆ, ಜಗಲಿಗೆ ಬನ್ನಿ. ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಂತೆ ನಿಂತು ತೆಗೆದ ಚಿತ್ರಗಳಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ. ಕಿಟಕಿ ಅಥವಾ ಆಕಾಶ ಹಿನ್ನೆಲೆಯಾಗಿದ್ದರೆ ಮುಖ ಕಪ್ಪಾಗುತ್ತದೆ. ಅಂಥಲ್ಲಿ ಫ್ಲ್ಯಾಶ್ ಬೇಕು. ಕನ್ನಡಕ, ಗಾಜಿನ ಬಾಗಿಲು, ಹೊಳೆಯುವ ಟೈಲ್ಸ್ ಎದುರಿದ್ದರೆ ತುಸು ಓರೆಯಾಗಿ ನಿಲ್ಲಿ, ಇಲ್ಲವಾದರೆ ಫ್ಲ್ಯಾಶಿನ ಪ್ರತಿಫಲನವೇ ಚಿತ್ರವಾಗುತ್ತದೆ.

ಆ ತೊಂಬತ್ತು ಸೆಕೆಂಡು

ಶಟರ್ ಒತ್ತಿದ ಕೂಡಲೇ ಮೋಟಾರಿನ ಗರ್ ಎನ್ನುವ ಸದ್ದು. ಕ್ಯಾಮೆರಾದ ನೆತ್ತಿಯಿಂದ ಹಾಳೆ ಮೇಲೇಳುತ್ತದೆ. ಅದರ ಒಂದು ಅಂಚಿನಲ್ಲಿ ಅಡಗಿರುವ ರಾಸಾಯನಿಕ ಲೇಪದ ಪುಟ್ಟ ಚೀಲವನ್ನು ರೋಲರುಗಳು ಒಡೆದು, ಲೇಪವನ್ನು ಪದರಗಳ ನಡುವೆ ತೆಳುವಾಗಿ ಹರಡುತ್ತವೆ. ಆ ಲೇಪ ಕಪ್ಪು. ಬೆಳಕು ಬಿದ್ದ ಬದಿಯನ್ನು ಅದೇ ಮುಚ್ಚಿಬಿಡುತ್ತದೆ. ಬಣ್ಣಗಳು ನಿಧಾನವಾಗಿ ಇನ್ನೊಂದು ಬದಿಗೆ ಚಲಿಸಿ ನಾವು ನೋಡುವ ಮುಖದ ಮೇಲೆ ಮೂಡುತ್ತವೆ. ಮೊದಲು ಮಸುಕಾದ ಬಿಳಿ ಹಾಳೆ, ಆಮೇಲೆ ತಲೆ, ಹೆಗಲು, ಮನೆಯ ಸೂರು ಎಂದು ಗುರುತು ಹಿಡಿಯಬಹುದಾದ ಆಕಾರಗಳು, ಕೊನೆಗೆ ಸೀರೆಯ ಬಣ್ಣ. ಸುಮಾರು 90 ಸೆಕೆಂಡಿನಲ್ಲಿ ಚಿತ್ರ ನಿಲ್ಲುತ್ತದೆ, ಮುಂದಿನ ಕೆಲವು ನಿಮಿಷಗಳಲ್ಲಿ ಬಣ್ಣ ಇನ್ನಷ್ಟು ಗಟ್ಟಿಯಾಗುತ್ತದೆ.

ಈ ಹೊತ್ತಿನಲ್ಲಿ ಮಾಡಬೇಕಾದದ್ದು ಏನೂ ಇಲ್ಲ. ಹಾಳೆ ಅಲ್ಲಾಡಿಸುವ ಅಗತ್ಯವಿಲ್ಲ, ಅದರಿಂದ ಚಿತ್ರ ಬೇಗ ಬರುವುದೂ ಇಲ್ಲ. ಬಗ್ಗಿಸಿದರೆ, ಒತ್ತಿದರೆ, ಮಡಚಿದರೆ ಲೇಪ ಸಮನಾಗಿ ಹರಡದೆ ಗೆರೆಗಳು ಬೀಳುತ್ತವೆ. ಹಾಳೆ ಹೊರಬರುವ ಸಂದಿಗೆ ಬೆರಳು ಅಡ್ಡವಿಡಬೇಡಿ. ಅದು ಪೂರ್ತಿ ಬಂದು ಸದ್ದು ನಿಂತ ಮೇಲೆ ಅಂಚು ಹಿಡಿದು ತೆಗೆದು, ಮೇಜಿನ ಮೇಲೆ ಮಲಗಿಸಿಡಿ. ಲೇಪ ಕ್ಷಾರಗುಣದ್ದು. ಹಾಳೆಯನ್ನು ಕತ್ತರಿಸಿ ಚಿತ್ರ ಬಿಡಿಸಲು ಹೋಗಬೇಡಿ. ಅಪ್ಪಿತಪ್ಪಿ ಚರ್ಮಕ್ಕೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ, ಕಣ್ಣಿಗೋ ಬಾಯಿಗೋ ಹೋದರೆ ತೊಳೆದು ವೈದ್ಯರ ಬಳಿ ಹೋಗಿ.

ಬಿಸಿಲು, ಚಳಿ, ಮಳೆ

ಈ ಫಿಲ್ಮ್ ಸರಿಯಾಗಿ ಕೆಲಸ ಮಾಡುವುದು 5ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ. ನಿಲ್ಲಿಸಿದ ಕಾರಿನೊಳಗಂತೂ ಯಾವ ಊರಿನಲ್ಲೂ ಅದಕ್ಕಿಂತ ಹೆಚ್ಚು ಕಾವು. ಕಾರಿನಲ್ಲಿ ಫಿಲ್ಮನ್ನಾಗಲಿ ಕ್ಯಾಮೆರಾವನ್ನಾಗಲಿ ಬಿಟ್ಟು ಹೋಗಬೇಡಿ. ಕೊಡಗು, ಚಿಕ್ಕಮಗಳೂರಿನ ಚಳಿಗಾಲದ ಬೆಳಗಿನಲ್ಲಿ ಹೊರಬಂದ ಹಾಳೆಯನ್ನು ಅಂಗಿಯ ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಂಡರೆ ಬಣ್ಣ ಸರಿಯಾಗಿ ಅರಳುತ್ತದೆ.

ತೆರೆಯದ ಪ್ಯಾಕುಗಳನ್ನು ಫ್ರಿಜ್ಜಿನ ಕೆಳಭಾಗದಲ್ಲಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಇಡಬಹುದು. ಫ್ರೀಜರಿನಲ್ಲಿ ಇಡಬಾರದು, ಲೇಪ ಹೆಪ್ಪುಗಟ್ಟುತ್ತದೆ. ಬಳಸುವ ಒಂದೆರಡು ಗಂಟೆ ಮೊದಲೇ ಹೊರತೆಗೆದು, ತಣುಪು ಹೋದ ಮೇಲೆ ಕವರು ಬಿಡಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕ್ಯಾಮೆರಾ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಲೆನ್ಸಿಗೆ ಬೂಷ್ಟು ಹಿಡಿಯುವುದು ತಪ್ಪುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ. ವಿಮಾನಯಾನದಲ್ಲಿ ಫಿಲ್ಮನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಟ್ಟು, ಕೈಯಿಂದ ತಪಾಸಣೆ ಮಾಡುವಂತೆ ವಿನಂತಿಸಿ. ಎಕ್ಸ್‌ರೇ, ಅದರಲ್ಲೂ ಹೊಸ ಸಿ.ಟಿ. ಯಂತ್ರಗಳು ಫಿಲ್ಮನ್ನು ಮಸುಕು ಮಾಡಬಲ್ಲವು.

ಮೊದಲ ಪ್ಯಾಕನ್ನು ಕಲಿಕೆಗೆ ಕೊಡಿ

ಸಮಾರಂಭದ ದಿನವೇ ಮೊದಲ ಪ್ಯಾಕ್ ತೆರೆಯಬೇಡಿ. ಅದಕ್ಕೆ ಮುನ್ನ ಒಂದು ಪ್ಯಾಕನ್ನು ಅಭ್ಯಾಸಕ್ಕೆಂದೇ ಮೀಸಲಿಡಿ. ಒಂದೇ ಜಾಗದಲ್ಲಿ ಬಿಸಿಲಿಗೊಂದು, ನೆರಳಿಗೊಂದು. ಮನೆಯೊಳಗೆ ಗೋಡೆಗೆ ತಾಗಿ ಒಂದು, ಗೋಡೆಯಿಂದ ದೂರ ಒಂದು. ಎರಡು ಮೀಟರಿನಿಂದ ಒಂದು, ಐದು ಮೀಟರಿನಿಂದ ಒಂದು. ಕ್ಲೋಸ್‌ಅಪ್ ಲೆನ್ಸ್ ಹಾಕಿ ಒಂದು ಹೀಗೆ ತೆಗೆದು, ಪ್ರತಿಯೊಂದರ ಅಂಚಿನ ಮೇಲೆ ಹೇಗೆ ತೆಗೆದದ್ದೆಂದು ಬರೆದಿಡಿ. ಈ ಹತ್ತು ಹಾಳೆಗಳು ಮುಂದೆ ಎಷ್ಟೋ ಹಾಳೆಗಳನ್ನು ಉಳಿಸುತ್ತವೆ.

ಇನ್ನೊಂದು ಮುಖ್ಯ ಸಂಗತಿ: ಇಲ್ಲಿ ನೆಗೆಟಿವ್ ಇಲ್ಲ. ಕೈಯಲ್ಲಿರುವುದೊಂದೇ ಪ್ರತಿ. ಬಿಸಿಲು ಬೀಳುವ ಗೋಡೆಗೆ ಅಂಟಿಸಿದರೆ ವರ್ಷಗಳಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಆಲ್ಬಮ್ಮಿನಲ್ಲಿ, ಒಣ ಜಾಗದಲ್ಲಿಟ್ಟರೆ ಬಹುಕಾಲ ಉಳಿಯುತ್ತದೆ. ಮುಖ್ಯವೆನಿಸಿದ ಚಿತ್ರವನ್ನು ಜೆರಾಕ್ಸ್ ಅಂಗಡಿಯಲ್ಲಾದರೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ.

ಒಟ್ಟಿನಲ್ಲಿ ಹೇಳುವುದಾದರೆ, ಆಗಾಗ ನೆಂಟರಿಷ್ಟರು ಸೇರುವ ಮನೆಗೆ, ಊರೂರು ಸುತ್ತಿ ಜನರನ್ನು ಭೇಟಿಯಾಗುವವರಿಗೆ, ಚಿತ್ರ ತೆಗೆದು ಅಲ್ಲೇ ಕೊಟ್ಟುಬಿಡುವ ಮನಸ್ಸಿರುವವರಿಗೆ ವೈಡ್ ಕ್ಯಾಮೆರಾ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮೊದಲ ಸಲ ಕೊಳ್ಳುವ ಕುಟುಂಬಕ್ಕೆ ನನ್ನ ಶಿಫಾರಸು ವೈಡ್ 400, ಜೊತೆಗೆ ಎರಡು ಜೋಡಿ ಪ್ಯಾಕ್ ಫಿಲ್ಮ್. ಒಬ್ಬರೇ ಕುಳಿತು ದಿನಕ್ಕೆ ಹತ್ತು ಚಿತ್ರ ತೆಗೆಯುವ ಅಭ್ಯಾಸದವರಿಗೆ ಮೊಬೈಲ್ ಸಾಕು. ಕೊಂಡವರಲ್ಲಿ ಒಂದು ಕೋರಿಕೆ: ಮನೆಯ ಹಿರಿಯರ ಚಿತ್ರ ತೆಗೆಯುವಾಗ ಒಂದೇ ತೆಗೆದು ನಿಲ್ಲಿಸಬೇಡಿ, ಎರಡು ತೆಗೆಯಿರಿ. ಅಂಚಿನ ಮೇಲೆ ಹೆಸರು, ಊರು, ದಿನಾಂಕ ಬರೆದು, ಒಂದನ್ನು ಅವರ ಕೈಯಲ್ಲೇ ಕೊಟ್ಟು ಬನ್ನಿ.